ಇರಾನಿನ 1332 ಅಂದ್ರ 1953 ಹ್ಯಾಂಗ? ಫಸಲಿ ಲೆಕ್ಕ ತಾಳೆ ಆಗವಲ್ದು

ಜಗತ್‌ಸರ್ಕಲ್ (ಕಲಬುರಗಿ)

ನಮಸ್ಕಾರ್ರೀ. ಕಾಲೇಜಿನ ಇತಿಹಾಸ ಪ್ರದರ್ಶನಕ್ಕ ಇರಾನಿನ ರಾಜಕೀಯದ ಗೋಡೆಪಟ ತಯಾರ್ ಮಾಡ್ಲತ್ತೀವಿ, 1905ರಿಂದ 1979ರ ತನ. ಪರ್ಷಿಯನ್ ಮೂಲದಿಂದ ಇಳಿಸಿದ ಟಿಪ್ಪಣಿಯೊಳಗ ತಾರೀಖು ಹಿಂಗವ: 28 ಮೊರ್ದಾದ್ 1332, 17 ಶಹ್ರಿವರ್ 1357. ಒಂದ್ ಕಡೆ 17 ದೇಯ್ 2536 ಅಂತನೂ ಅದ. ತಿಂಗಳ ಹೆಸರು ನೋಡಿದ್ರ ನಮ್ಮ ನಿಜಾಮರ ಕಾಲದ ಸೇತ್ವಾರ್ (ಜಮೀನಿನ ದಾಖಲೆ) ಕಾಗದದಾಗ ಇರೋವೇ. ಅದಕ್ಕ ನಿಜಾಮರ ಕಂದಾಯ ವರ್ಷ ಫಸಲಿಗೆ ಮಾಡೋ ಹಂಗ 1332ಕ್ಕ 590 ಕೂಡಿಸಿದ್ವಿ, 1922 ಬಂತು. ಪ್ರಧಾನಿ ಮೊಸದ್ದೆಗ್ ಬಿದ್ದಿದ್ದು 1953ಕ್ಕಲ್ಲ? ಎಲ್ಲಿ ತಪ್ಪೇದ ಹೇಳ್ರಿ. ಇನ್ನೊಂದು, 1978ರಾಗ ಗಲಾಟೆ ನಲವತ್ತು ದಿನಕ್ಕೊಮ್ಮೆ ಆಗ್ಯಾವ, ಯಾಕ?

ಹಳೆದಫ್ತರ್ (ಬೀದರ್)

590 ಕೂಡಿಸುವುದು ಹೈದರಾಬಾದ್ ಫಸಲಿಗೆ ಮಾತ್ರ. ಅದೂ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಜನವರಿ ದಾಟಿದರೆ 591. ಹೆಸರು ಒಂದೇ ಇದ್ದರೂ ಎಣಿಕೆ ಬೇರೆ. ನಮ್ಮ ಫಸಲಿ ಆಜೂರ್‌ನಿಂದ, ಅಕ್ಟೋಬರ್ ಮೊದಲ ವಾರ ಶುರು. ಇರಾನಿನ ವರ್ಷ ಫರ್ವರ್ದೀನ್‌ನಿಂದ, ಅಂದರೆ ಮಾರ್ಚ್ 21ರ ಆಸುಪಾಸಿನ ಹೊಸವರ್ಷದ ಹಬ್ಬ ನೌರೋಜ್‌ನಿಂದ. ಅವರ ಆಜರ್ ಬರುವ ಹೊತ್ತಿಗೆ ನವೆಂಬರ್ 22 ಆಗಿರುತ್ತದೆ.

ಇರಾನಿನ ಸೌರ ವರ್ಷಕ್ಕೆ ನೌರೋಜ್‌ನಿಂದ ಡಿಸೆಂಬರ್ 31ರ ತನಕ 621 ಕೂಡಿಸಿ, ಜನವರಿ 1ರಿಂದ ಮುಂದಿನ ನೌರೋಜ್ ತನಕ 622. ಮೊದಲ ಆರು ತಿಂಗಳಿಗೆ 31 ದಿನ, ಆಮೇಲಿನ ಐದಕ್ಕೆ 30, ಕೊನೆಯ ಎಸ್ಫಂದ್‌ಗೆ 29, ಅಧಿಕ ವರ್ಷವಾದರೆ 30. ಮೊರ್ದಾದ್ ಐದನೆಯದು: ನಾಲ್ಕು ತಿಂಗಳ 124 ದಿನ, ಮೇಲೆ 28, ಒಟ್ಟು 152. ಮಾರ್ಚ್ 21ನ್ನೇ ಒಂದು ಅಂತ ಹಿಡಿದು ಎಣಿಸಿ, ಆಗಸ್ಟ್ 19ಕ್ಕೆ ನಿಲ್ಲುತ್ತೀರಿ. 1332ಕ್ಕೆ 621 ಕೂಡಿಸಿದರೆ 1953. ನೌರೋಜ್ 20ಕ್ಕೋ 22ಕ್ಕೋ ಬಿದ್ದ ವರ್ಷ ಒಂದು ದಿನ ಹಿಂದು ಮುಂದು ಆಗುತ್ತದೆ, ಗಾಬರಿಯಾಗಬೇಡಿ.

2536 ಶಹನ್‌ಶಾಹಿ ಸಂವತ್ಸರ. 1976ರಲ್ಲಿ ಇರಾನಿನ ದೊರೆ ಶಾ ಹಿಜರಿ ಎಣಿಕೆ ಬಿಟ್ಟು ಪ್ರಾಚೀನ ಪರ್ಷಿಯಾದ ದೊರೆ ಸೈರಸ್‌ನಿಂದ ಎಣಿಸಲು ಹಚ್ಚಿದ. 1355 ಇದ್ದದ್ದು ರಾತ್ರೋರಾತ್ರಿ 2535 ಆಯಿತು. ತಾನು ಪಟ್ಟಕ್ಕೆ ಬಂದ 1941 ಸರಿಯಾಗಿ 2500 ಆಗುವ ಹಾಗೆ ಕೂಡಿಸಿದ ಲೆಕ್ಕವದು. ಮೌಲ್ವಿಗಳಿಗೆ ಇದಕ್ಕಿಂತ ಒಳ್ಳೆಯ ಅಸ್ತ್ರ ಬೇಕಿರಲಿಲ್ಲ. 1978ರಲ್ಲಿ ಶರೀಫ್-ಎಮಾಮಿ ಪ್ರಧಾನಿಯಾದ ಕೂಡಲೇ ಅದನ್ನು ಕೈಬಿಟ್ಟರು. ನಿಮಗೆ 559 ಕಳೆದರೆ ಸಾಕು, ಜನವರಿಯಿಂದ ನೌರೋಜ್ ತನಕ 558. 17 ದೇಯ್ 2536 ಅಂದರೆ 1978 ಜನವರಿ 7.

1925ಕ್ಕಿಂತ ಹಿಂದಿನ ಕಾಗದದಲ್ಲಿ ಚಾಂದ್ರ ಹಿಜರಿ ಇರುತ್ತದೆ, ಅಲ್ಲಿ 621 ಕೆಲಸಕ್ಕೆ ಬರುವುದಿಲ್ಲ. ಸಂವಿಧಾನದ ಫರ್ಮಾನು (ರಾಜಾಜ್ಞೆ) 14 ಜಮಾದಿ-ಉಸ್-ಸಾನಿ 1324, ಅಂದರೆ 1906 ಆಗಸ್ಟ್ 5. 621 ಕೂಡಿಸಿದರೆ 1945ಕ್ಕೆ ಹೋಗಿ ಬೀಳುತ್ತೀರಿ. ಸೌರದಲ್ಲಿ ಆ ದಿನವನ್ನು ಗುರುತಿಸುವುದು 14 ಮೊರ್ದಾದ್ 1285 ಅಂತ. ಎರಡರಲ್ಲೂ 14 ಇರುವುದರಿಂದ ಎಷ್ಟೋ ಜನ ಇಲ್ಲೇ ಎಡವುತ್ತಾರೆ. ತಿಂಗಳ ಹೆಸರು ನೋಡಿ: ರಜಬ್, ಸಫರ್, ಜಮಾದಿ ಇದ್ದರೆ ಚಾಂದ್ರ.

ಅಂದಹಾಗೆ, ಹೈದರಾಬಾದ್ ಪೊಲೀಸ್ ಕಾರ್ಯಾಚರಣೆ ಆದದ್ದು ಫಸಲಿ 1357ರಲ್ಲಿ. ಶಾ ದೇಶ ಬಿಟ್ಟದ್ದು ಇರಾನಿನ 1357ರಲ್ಲಿ. ಪಟದ ಮೂಲೆಯಲ್ಲಿ ಹಾಕಿದರೆ ನಮ್ಮ ಕಡೆಯ ಹುಡುಗರು ನಿಂತು ಓದುತ್ತಾರೆ.

ಸಗರನಾಡು (ಶಹಾಪುರ, ಯಾದಗಿರಿ)

ನಲವತ್ತರ ಪ್ರಶ್ನೆಗೆ: ನಮ್ಮಲ್ಲಿ ಮುಸ್ಲಿಮರ ಮನೆಯಲ್ಲಿ ಸತ್ತ ನಲವತ್ತನೇ ದಿನಕ್ಕೆ ಚಾಲೀಸವಾ ಮಾಡುತ್ತಾರಲ್ಲ, ಅದೇ. ಜನವರಿ 7ರಂದು ಎತ್ತೆಲಾಆತ್ ಪತ್ರಿಕೆಯಲ್ಲಿ ಧರ್ಮಗುರು ಖೊಮೇನಿಯನ್ನು ಹೀಗಳೆದ ಲೇಖನ ಬಂತು. 9ಕ್ಕೆ ಕುಮ್‌ನಲ್ಲಿ ಗೋಲಿಬಾರ್. ಅಲ್ಲಿ ಸತ್ತವರ ನಲವತ್ತು ಫೆಬ್ರವರಿ 18ಕ್ಕೆ, ತಬ್ರೀಜ್ ಹೊತ್ತಿ ಉರಿಯಿತು. ತಬ್ರೀಜ್‌ನ ನಲವತ್ತು ಮಾರ್ಚ್ ಕೊನೆಗೆ, ಯಜ್ದ್. ಅದರದ್ದು ಮೇ ಎರಡನೇ ವಾರ. ಸತ್ತ ದಿನ ಸೇರಿಸಿ ಎಣಿಸಿದರೆ ಒಂದು ದಿನ ಹಿಂದು ಮುಂದು ಆಗುತ್ತದೆ, ಮೂಲಗಳಲ್ಲಿ ತಾರೀಖು ಬದಲಾಗುವುದು ಅದಕ್ಕೇ.

1975ರಿಂದ ಶಾನ ರಸ್ತಾಖೀಜ್ ಒಂದೇ ಪಕ್ಷ, ಸಭೆ ಸೇರಲು ಬೇರೆ ಜಾಗವಿಲ್ಲ. ಆದರೆ ಸತ್ತವರಿಗೆ ಫಾತಿಹಾ ಓದಬೇಡಿ ಅಂತ ಯಾವ ಸರ್ಕಾರ ಹೇಳೀತು? ಮಸೀದಿ ತೆರೆದಿತ್ತು, ಬಜಾರಿನವರು ಅಂಗಡಿ ಮುಚ್ಚಿದರು.

ಆದರೂ ಬರೀ ನಲವತ್ತರಿಂದಲೇ ಶಾ ಬಿದ್ದ ಅಂತ ತೋರಿಸಬೇಡಿ. ಜೂನ್ 17ರ ಸರದಿಗೆ ಜನ ಮನೆಯಲ್ಲೇ ಉಳಿದರು, ಸರಪಳಿ ಅಲ್ಲಿಗೆ ಸಡಿಲಾಯಿತು. ಮತ್ತೆ ಹೊತ್ತಿದ್ದು ಆಗಸ್ಟ್ 19ಕ್ಕೆ, ಆಬಾದಾನ್‌ನ ರೆಕ್ಸ್ ಚಿತ್ರಮಂದಿರದ ಬೆಂಕಿಯಿಂದ. ಸಾವಾಕ್ (ಶಾನ ಗುಪ್ತ ಪೊಲೀಸ್) ಹಚ್ಚಿತು ಅಂತ ಅಲ್ಲಿ ಬರೆಯಬೇಡಿ; ಅದು ಆಗ ಜನ ನಂಬಿದ ಮಾತು, ಸಾಬೀತಾದದ್ದಲ್ಲ. ಸೆಪ್ಟೆಂಬರ್ 8ಕ್ಕೆ ತೆಹ್ರಾನಿನ ಜಾಲೆ ಚೌಕದಲ್ಲಿ ಗೋಲಿಬಾರ್, ನೀವು ಕೇಳಿದ 17 ಶಹ್ರಿವರ್ ಅದೇ. ಅಕ್ಟೋಬರ್‌ನಲ್ಲಿ ತೈಲ ಕಾರ್ಮಿಕರು ಕೆಲಸ ನಿಲ್ಲಿಸಿದರು. ಖಜಾನೆಗೆ ನಿಜವಾದ ಪೆಟ್ಟು ಅದು. ಅದಕ್ಕೆ ದೊಡ್ಡ ಅಕ್ಷರ ಕೊಡಿ.

ಜಗತ್‌ಸರ್ಕಲ್ (ಕಲಬುರಗಿ)

ಶರಣ್ರೀ ಇಬ್ಬರಿಗೂ. 1953ರ ಚೌಕದಾಗ "28 ಮೊರ್ದಾದ್: ಸಿಐಎ ಮೊಸದ್ದೆಗ್‌ನ ಕೆಳಗಿಳಿಸಿತು" ಅಂತ ಒಂದೇ ಸಾಲು ಇಟ್ಟೀವಿ. ನಡೀತದ?

ಹಳೆದಫ್ತರ್ (ಬೀದರ್)

ಸುಳ್ಳಲ್ಲ, ಆದರೆ ಸಾಲದು. ಆ ಚೌಕವನ್ನು ಮೂರು ಪಟ್ಟು ಅಗಲ ಮಾಡಿ.

ಎಡಗಡೆ 29 ಎಸ್ಫಂದ್ 1329, ತೈಲ ರಾಷ್ಟ್ರೀಕರಣ. ಎಸ್ಫಂದ್ ನೌರೋಜ್‌ಗೆ ಮುಂಚಿನದು, ಆದ್ದರಿಂದ 622 ಕೂಡಿಸಿ: 1951 ಮಾರ್ಚ್ 20. ಬ್ರಿಟಿಷರ ಬಹಿಷ್ಕಾರದಿಂದ ತೈಲ ಮಾರಾಟ ನಿಂತು ಸರ್ಕಾರದ ಕೈ ಬರಿದಾಯಿತು. ಆಮೇಲೆ 30 ತೀರ್ 1331, ಅಂದರೆ 1952 ಜುಲೈ 21. ರಾಜೀನಾಮೆ ಕೊಟ್ಟಿದ್ದ ಮೊಸದ್ದೆಗ್‌ನನ್ನು ಜನ ಬೀದಿಗಿಳಿದು ವಾಪಸ್ ತಂದರು. ಅಂದು ಜೊತೆಗಿದ್ದ ಧರ್ಮಗುರು ಕಾಶಾನಿ ಮರುವರ್ಷ ಎದುರಾಳಿ. 1953ರ ಆಗಸ್ಟ್‌ನಲ್ಲಿ ಮಜ್ಲಿಸ್ (ಸಂಸತ್ತು) ವಿಸರ್ಜಿಸಲು ಮೊಸದ್ದೆಗ್ ಜನಮತ ಕೇಳಿದ, ಹೌದು ಅನ್ನುವವರಿಗೆ ಒಂದು ಕಡೆ, ಇಲ್ಲ ಅನ್ನುವವರಿಗೆ ಇನ್ನೊಂದು ಕಡೆ ಮತಗಟ್ಟೆ. ಎಲ್ಲರ ಕಣ್ಣೆದುರು "ಇಲ್ಲ" ಸಾಲಿನಲ್ಲಿ ಯಾರು ನಿಂತಾರು? ಮೊಸದ್ದೆಗ್‌ನ ದೊಡ್ಡ ತಪ್ಪು ಇದೇ ಅಂತ ನನಗನಿಸುತ್ತದೆ. ಮಜ್ಲಿಸ್ ಇಲ್ಲದ ಪ್ರಧಾನಿಯನ್ನು ವಜಾ ಮಾಡಲು ಶಾಗೆ ನೆಪ ಸಿಕ್ಕಿತು.

25 ಮೊರ್ದಾದ್ ಬಿಡಲೇಬೇಡಿ. ಆಗಸ್ಟ್ 15-16ರ ನಡುರಾತ್ರಿ ಕರ್ನಲ್ ನಸೀರಿ ವಜಾ ಫರ್ಮಾನು ಹಿಡಿದು ಬಂದ, ಅವನನ್ನೇ ಬಂಧಿಸಿದರು. ಶಾ ಬಾಗ್ದಾದ್‌ಗೆ, ಅಲ್ಲಿಂದ ರೋಮ್‌ಗೆ ಓಡಿದ. ಸಿಐಎ-ಬ್ರಿಟಿಷ್ ಯೋಜನೆ ಆ ರಾತ್ರಿ ಮುರಿದುಬಿದ್ದಿತ್ತು. ಮೂರು ದಿನ ಬಿಟ್ಟು 28ಕ್ಕೆ ಗುಂಪು, ಟ್ಯಾಂಕು, ಜನರಲ್ ಜಾಹೇದಿ ಪ್ರಧಾನಿ. ಬಲಗಡೆ 1954ರ ತೈಲ ಒಕ್ಕೂಟದ ಪಾಲು ಬರೆಯಿರಿ: ಹಳೆಯ ಬ್ರಿಟಿಷ್ ಕಂಪನಿಗೆ 40, ಅಮೆರಿಕನ್ ಕಂಪನಿಗಳಿಗೆ 40, ಶೆಲ್‌ಗೆ 14, ಫ್ರೆಂಚರಿಗೆ 6. ಮುಂಚೆ ಅಮೆರಿಕನ್ನರ ಪಾಲು ಸೊನ್ನೆ.

ಸಗರನಾಡು (ಶಹಾಪುರ, ಯಾದಗಿರಿ)

ಪಟವನ್ನು 1979ರ ಫೆಬ್ರವರಿಗೆ ಮುಗಿಸದೆ ಒಂದು ಗೇಣು ಮುಂದಕ್ಕೆ ಎಳೆಯಿರಿ. 13 ಆಬಾನ್ ಮೂರು ಸಲ ಬರುತ್ತದೆ: 1343ರಲ್ಲಿ ಖೊಮೇನಿ ಗಡಿಪಾರು, 1357ರಲ್ಲಿ ತೆಹ್ರಾನ್ ವಿಶ್ವವಿದ್ಯಾಲಯದ ಬಳಿ ವಿದ್ಯಾರ್ಥಿಗಳ ಮೇಲೆ ಗುಂಡು, 1358ರಲ್ಲಿ ಅಮೆರಿಕನ್ ರಾಯಭಾರ ಕಚೇರಿಗೆ ಮುತ್ತಿಗೆ. ಮೂರೂ ನವೆಂಬರ್ 4. ಇಂಗ್ಲಿಷ್ ತಾರೀಖನ್ನು ಕೆಳಗೆ ಸಣ್ಣಗೆ ಹಾಕಿ, ಇರಾನಿನದ್ದು ಮೇಲೆ ದೊಡ್ಡದಾಗಿ. ಅಲ್ಲಿಯವರು ಆ ಘಟನೆಗಳನ್ನು ಕರೆಯುವುದೇ ತಾರೀಖಿನಿಂದ.