ರಾತ್ರಿಯಾದ್ರೆ ಎಡಗಡೆ ಪಿಸ್ಟನ್ ಒಳಗೆ ಹೋಗಲ್ಲ (ಮೈನ್‌ಕ್ರಾಫ್ಟ್ ಆಟ, ಕಂಪ್ಯೂಟರಿನ ಜಾವಾ ಆವೃತ್ತಿ)

ಪ್ರಶ್ನೆ
ನೆಲಮಾಳಿಗೆಗೆ ಗುಪ್ತ ಬಾಗಿಲು ಮಾಡಿದ್ದೀನಿ. ನೆಲದ ಮಟ್ಟದಲ್ಲಿ ಎದುರುಬದುರಾಗಿ ಎರಡು ಸ್ಟಿಕಿ ಪಿಸ್ಟನ್ (ಪವರ್ ಬಂದ್ರೆ ಬ್ಲಾಕ್ ತಳ್ಳುತ್ತೆ, ಹೋದ್ರೆ ವಾಪಸ್ ಎಳ್ಕೊಳ್ಳುತ್ತೆ), ಒಂದು ಲಿವರ್. ಆನ್ ಇದ್ರೆ ಮುಚ್ಚಿರುತ್ತೆ, ಆಫ್ ಮಾಡಿದ್ರೆ ಬ್ಲಾಕ್ ಎಳ್ಕೊಂಡು ತೆರೀಬೇಕು. ಹಗಲಲ್ಲಿ ಏನೂ ತೊಂದರೆ ಇಲ್ಲ. ರಾತ್ರಿ ಆಫ್ ಮಾಡಿದ್ರೆ ಎಡಗಡೆಯದು ಚಾಚಿಕೊಂಡೇ ನಿಂತಿರುತ್ತೆ. ಬೆಳಗಾದ ಮೇಲೂ ಹಾಗೇ. ಆಗ ಪಕ್ಕದಲ್ಲಿ ಒಂದು ಕಲ್ಲು ಇಟ್ರೆ ಸಾಕು, ಸಟ್ಟನೆ ಒಳಗೆ! ಪಿಸ್ಟನ್ ಮೂರು ಸಲ ಒಡೆದು ಹೊಸದು ಹಾಕಿದೆ. ಗೆಳೆಯ ಇದನ್ನೇ ಫೋನಲ್ಲಿ ಕಟ್ಟಿದಾನೆ, ಅವನದು ಕೈಕೊಡಲ್ಲ.

ಉತ್ತರ 1
ರೆಡ್‌ಸ್ಟೋನ್ ಪುಡಿಯ (ಆಟದಲ್ಲಿ ತಂತಿ ಇದ್ದ ಹಾಗೆ) ಸಿಗ್ನಲ್ 15 ಬ್ಲಾಕ್ ದಾಟಲ್ಲ. ನಡುವೆ ಸಿಗ್ನಲ್ ಮತ್ತೆ ಜೋರು ಮಾಡೋ ರಿಪೀಟರ್ ಹಾಕಿ ನೋಡಿ.

ಉತ್ತರ 2
ಸಿಗ್ನಲ್ ಸಾಲದಿದ್ರೆ ಪಿಸ್ಟನ್ ಹೊರಗೇ ಬರ್ತಿರಲಿಲ್ಲ. ಇವರದು ಒಳಗೆ ಹೋಗ್ತಿಲ್ಲ, ಅಂದ್ರೆ ಎಲ್ಲಿಂದಲೋ ಪವರ್ ಬರ್ತಾ ಇದೆ. ರಾತ್ರಿ ಮಾತ್ರ ಉರಿಯೋದು ಏನಾದ್ರೂ ಹತ್ತಿರದಲ್ಲಿ ಇದೆಯಾ?

ಪ್ರಶ್ನೆ ಕೇಳಿದವರು
ಎಡಗೋಡೆಯಲ್ಲಿ ರೆಡ್‌ಸ್ಟೋನ್ ಲ್ಯಾಂಪ್ ಇದೆ, ಚಾವಣಿ ಮೇಲಿನ ಡೇಲೈಟ್ ಸೆನ್ಸರ್ (ಬೆಳಕು ನೋಡಿ ಸಿಗ್ನಲ್ ಕೊಡೋದು) ರಾತ್ರಿ ಉರಿಯೋ ಹಾಗೆ ಉಲ್ಟಾ ಮಾಡಿ ಕೊಟ್ಟಿರೋದು. ಆದ್ರೆ ಪಿಸ್ಟನ್‌ಗೂ ಅದಕ್ಕೂ ನಡುವೆ ಒಂದು ಕಲ್ಲಿದೆಯಲ್ಲ?

ಉತ್ತರ 2
ಸಿಕ್ತು ಕಳ್ಳ. ಜಾವಾದಲ್ಲಿ ಇದಕ್ಕೆ ಕ್ವಾಸಿ ಕನೆಕ್ಟಿವಿಟಿ ಅಂತಾರೆ. ಪಿಸ್ಟನ್ ತನಗೆ ಪವರ್ ಇದೆಯಾ ಅಂತ ನೋಡೋದಷ್ಟೇ ಅಲ್ಲ, ತನ್ನ ತಲೆ ಮೇಲಿನ ಜಾಗದಲ್ಲಿ ಇನ್ನೊಂದು ಪಿಸ್ಟನ್ ಇದ್ದಿದ್ರೆ ಅದಕ್ಕೆ ಪವರ್ ಸಿಗ್ತಿತ್ತಾ ಅಂತಲೂ ನೋಡುತ್ತೆ. ಬಾಗಿಲಿನ ಹಾಗೆ ತಾನೂ ಎರಡು ಬ್ಲಾಕ್ ಎತ್ತರ ಅಂದ್ಕೊಂಡಿದೆ ಪಾಪ. ಆ ಜಾಗದಲ್ಲಿ ಕಲ್ಲಿದ್ರೂ ಒಂದೇ, ಗಾಳಿ ಇದ್ರೂ ಒಂದೇ. ಲ್ಯಾಂಪ್ ಪುಡಿಯಿಂದ ಪವರ್ ತಗೊಂಡಾಗ ತಾನೇ ಪವರ್ ಇರೋ ಬ್ಲಾಕ್ ಆಗುತ್ತೆ, ಅದರ ಕೆಳಗಿರೋ ಆ ಜಾಗಕ್ಕೆ ತಾಗಿಕೊಂಡೂ ಇದೆ. ಅಷ್ಟು ಸಾಕು.

ಬೆಳಗಾದ ಮೇಲೂ ಯಾಕೆ ಹಾಗೇ ಅಂದ್ರೆ, ಲ್ಯಾಂಪ್ ಆರಿದ ಸುದ್ದಿ ಅಷ್ಟು ಕೆಳಗೆ ತಲುಪಲ್ಲ. ಪಕ್ಕದಲ್ಲಿ ಏನಾದ್ರೂ ಬದಲಾದಾಗಲೇ ಪಿಸ್ಟನ್ ಮತ್ತೆ ಲೆಕ್ಕ ನೋಡೋದು. ನಿಮ್ಮ ಕಲ್ಲು ಮಾಡಿದ್ದು ಅದನ್ನೇ. ಲಿವರ್ ಒಂದ್ಸಲ ಆನ್ ಮಾಡಿ ಆಫ್ ಮಾಡಿದ್ರೂ ನಡೀತಿತ್ತು. ನಿಮ್ಮ ಗೆಳೆಯನ ಫೋನಿನದು ಬೆಡ್‌ರಾಕ್ ಆವೃತ್ತಿ, ಅದರಲ್ಲಿ ಈ ಕಾಟ ಇಲ್ಲ. (ನನಗೆ ಇದು ಕಾಟ ಅನ್ಸಲ್ಲ. ಇದನ್ನೇ ನಂಬಿ ಎಷ್ಟು ಯಂತ್ರ ಕಟ್ಟಿದೀವಿ!)

ಲ್ಯಾಂಪನ್ನೂ ಅದರ ಪುಡಿಯನ್ನೂ ಒಂದು ಬ್ಲಾಕ್ ಮೇಲಕ್ಕೆ ಸರಿಸಿ. ಪಿಸ್ಟನ್ ಮುಟ್ಟಬೇಡಿ, ಅದರದ್ದೇನೂ ತಪ್ಪಿಲ್ಲ.

ಉತ್ತರ 1
ನನ್ನ ರಿಪೀಟರ್ ವಾಪಸ್ ತಗೊಂಡೆ.

ಪ್ರಶ್ನೆ ಕೇಳಿದವರು
ಸರಿಸಿದೆ. ಮೊದಲ ಸಲ ಅಲುಗಾಡಲಿಲ್ಲ, ಎದೆ ಧಸಕ್ಕಂತು. ಲಿವರ್ ಆನ್-ಆಫ್ ಮಾಡಿದೆ, ಹೋಯ್ತು. ಆಮೇಲೆ ಮೂರು ರಾತ್ರಿ ಕೂತು ನೋಡಿದೆ, ಎರಡೂ ಒಟ್ಟಿಗೇ ತೆರೀತಿವೆ. ಲ್ಯಾಂಪ್ ಈಗ ಗೋಡೆಯಲ್ಲಿ ಸೊಟ್ಟಗೆ ಕಾಣ್ತಿದೆ, ಇರಲಿ.