ಸ್ಪಿಂಟ್ರಾನಿಕ್ಸ್‌ನಲ್ಲಿ ಪಿಎಚ್‌ಡಿ: ಲ್ಯಾಬ್ ಆರಿಸುವಾಗ ಎಂತ ನೋಡಬೇಕು?

ಬದಿಯಡ್ಕದವ
ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಫಿಸಿಕ್ಸ್ ಕೊನೇ ವರ್ಷ. ಸ್ಪಿಂಟ್ರಾನಿಕ್ಸ್‌ನಲ್ಲಿ ಪಿಎಚ್‌ಡಿ ಮಾಡಿ ಮುಂದೆ ಪ್ರಾಧ್ಯಾಪಕನಾಗುವ ಆಲೋಚನೆ ಉಂಟು (ಎಲೆಕ್ಟ್ರಾನಿನ ಚಾರ್ಜ್ ಜತೆ ಅದರ ಸ್ಪಿನ್, ಅಂದರೆ ಪುಟ್ಟ ಅಯಸ್ಕಾಂತದಂಥ ಗುಣ, ಬಳಸುವ ಎಲೆಕ್ಟ್ರಾನಿಕ್ಸೇ ಸ್ಪಿಂಟ್ರಾನಿಕ್ಸ್). ಯಾವ ಪರೀಕ್ಷೆ ಬರೆಯಬೇಕು, ಎಷ್ಟು ವರ್ಷ ಹಿಡಿಯುತ್ತದೆ, ಗೈಡ್ ಆರಿಸುವಾಗ ಎಂತ ವಿಚಾರಿಸಬೇಕು? ಮನೆಯಲ್ಲಿ ಬಿಎಡ್ ಮಾಡು ಅಂತಿದ್ದಾರೆ, ಹಾಗಾಗಿ ಸಂಬಳದ ಲೆಕ್ಕವೂ ಬೇಕು.

ಕುಂಬಳೆ ಕಾಂತ
ನೆಟ್-ಜೆಆರ್‌ಎಫ್, ಗೇಟ್, ಜೆಸ್ಟ್ ಮೂರನ್ನೂ ಬರೆಯಿರಿ, ಓದುವುದು ಹೆಚ್ಚುಕಮ್ಮಿ ಒಂದೇ. ಜೆಆರ್‌ಎಫ್ ಇದ್ದರೆ ಫೆಲೋಶಿಪ್ ನಿಮ್ಮದೇ, ಗೈಡ್‌ನ ಪ್ರಾಜೆಕ್ಟ್ ಮುಗಿದರೂ ನಿಲ್ಲುವುದಿಲ್ಲ. ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000, ಹಾಸ್ಟೆಲ್ ಸಿಗದಿದ್ದರೆ ಮನೆಬಾಡಿಗೆ ಭತ್ಯೆ ಬೇರೆ. ಪಿಎಚ್‌ಡಿಗೆ ಐದಾರು ವರ್ಷ, ಪೋಸ್ಟ್‌ಡಾಕ್ (ಪಿಎಚ್‌ಡಿ ಆದಮೇಲಿನ ತಾತ್ಕಾಲಿಕ ಸಂಶೋಧನಾ ಕೆಲಸ) ಎರಡರಿಂದ ನಾಲ್ಕು. ಐಐಟಿಯ ಗ್ರೇಡ್ ಒಂದರ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್‌ಡಿ ಆದಮೇಲೆ ಮೂರು ವರ್ಷದ ಅನುಭವ ಕೇಳುತ್ತಾರೆ, ಮೂಲ ವೇತನ 1,01,500. ಯುಜಿಸಿ ವೇತನದ ಕಾಲೇಜಿನಲ್ಲಿ ಶುರು 57,700. ಮನೆಯವರಿಗೆ ಈ ಲೆಕ್ಕ ಹೇಳುವಾಗ ಮೂವತ್ತು ದಾಟುವವರೆಗೆ ಕಾಯಂ ಕೆಲಸ ಇರಲಿಕ್ಕಿಲ್ಲ ಅಂತಲೂ ಹೇಳಿಬಿಡಿ.

ಗೈಡ್‌ನ ಪೇಪರ್ ಎಷ್ಟು ಅಂತ ಎಲ್ಲರೂ ನೋಡುತ್ತಾರೆ. ನೋಡಬೇಕಾದ್ದು ಪೇಪರಿನ ಕೊನೆಯ ಕೃತಜ್ಞತೆಯ ಸಾಲು. ಫಿಲ್ಮ್, ಅಂದರೆ ಪ್ರಯೋಗದ ತೆಳು ಲೋಹಪದರ, ಬೆಳೆಸಿದ್ದು ಅವರದೇ ಲ್ಯಾಬಿನಲ್ಲೋ, ಜಪಾನ್‌ನ ಸ್ನೇಹಿತರು ಕಳುಹಿಸಿದ್ದೋ ಅಲ್ಲಿ ಗೊತ್ತಾಗುತ್ತದೆ. ಹೊರಗಿನಿಂದ ಬರುವ ಸ್ಯಾಂಪಲ್ ನಂಬಿದರೆ ಒಂದು ದಪ್ಪ ಬದಲಿಸಲಿಕ್ಕೂ ತಿಂಗಳುಗಟ್ಟಲೆ ಕಾಯಬೇಕು ಮಾರಾಯ್ರೇ. ಸೇರುವ ಮೊದಲು ಅಲ್ಲಿನ ಹಿರಿಯ ವಿದ್ಯಾರ್ಥಿಗೆ ಫೋನ್ ಮಾಡಿ, ಸ್ಪಟರಿಂಗ್ ಯಂತ್ರ (ನಿರ್ವಾತದಲ್ಲಿ ಲೋಹದ ಕಣ ಚಿಮ್ಮಿಸಿ ಫಿಲ್ಮ್ ಕೂರಿಸುವುದು) ಹೋದ ವರ್ಷ ಎಷ್ಟು ತಿಂಗಳು ಕೆಟ್ಟು ನಿಂತಿತ್ತು ಅಂತ ಕೇಳಿ. ಪಂಪು ಹೋದರೆ ಬಿಡಿಭಾಗ ಹೆಚ್ಚಾಗಿ ವಿದೇಶದಿಂದ ಬರಬೇಕು.

ತೆಳುಪದರ
ಮೇಲಿನವರು ಹೇಳಿದ್ದು ಸರಿ. ಸ್ಪಟರಿಂಗ್ ಇದ್ದರೆ ಸಾಲದು, ಬೇಸ್ ಪ್ರೆಶರ್ (ಗಾಳಿ ಎಳೆದ ಮೇಲೂ ಚೇಂಬರಿನಲ್ಲಿ ಉಳಿಯುವ ಒತ್ತಡ) ಎಷ್ಟು ಅಂತಲೂ ವಿಚಾರಿಸಿ. ಹತ್ತರ ಮೈನಸ್ ಎಂಟನೇ ಘಾತದ ಟಾರ್ ಮಟ್ಟ ಮುಟ್ಟದ ಚೇಂಬರಿನಲ್ಲಿ ನೀರಾವಿ ಉಳಿದಿರುತ್ತದೆ. ಒಂದೆರಡು ನ್ಯಾನೋಮೀಟರ್ ಪದರಕ್ಕೆ ಅಷ್ಟೇ ಸಾಕು, ಇಂಟರ್‌ಫೇಸ್ ಆಕ್ಸೈಡ್ ಆಗುತ್ತದೆ. ಕೊನೆಗೆ ರಕ್ಷಣೆಗೆ ಟ್ಯಾಂಟಲಮ್ ಕ್ಯಾಪ್ 2–3 ನ್ಯಾನೋಮೀಟರ್ ಹಾಕದೆ ಹೊರಗೆ ತೆಗೆದ ಪರ್ಮಲಾಯ್ (ನಿಕಲ್-ಕಬ್ಬಿಣದ ಮಿಶ್ರಲೋಹ) ಫಿಲ್ಮಿನ ಮೇಲ್ಪದರವೂ ಹಾಗೇ ಹಾಳು.

ಮೊದಲ ವರ್ಷದ ಕೆಲಸಕ್ಕೆ ಪರ್ಮಲಾಯ್-ಪ್ಲಾಟಿನಮ್ ಜೋಡಿ ಒಳ್ಳೆಯದು. 5 ನ್ಯಾನೋಮೀಟರ್ ಪರ್ಮಲಾಯ್ ಒಂದು, ಅದರ ಮೇಲೆ ಪ್ಲಾಟಿನಮ್ ಇರುವುದೊಂದು. ಎರಡರಲ್ಲೂ ಫೆರೋಮ್ಯಾಗ್ನೆಟಿಕ್ ರೆಸೊನೆನ್ಸ್ (ಫಿಲ್ಮಿನ ಕಾಂತತ್ವ ಮೈಕ್ರೋವೇವ್ ಜತೆ ತಾಳ ಕೂಡಿ ಅದನ್ನು ಹೀರುವುದು) 5ರಿಂದ 20 ಗಿಗಾಹರ್ಟ್ಸ್‌ವರೆಗೆ ಅಳೆದು, ರೇಖೆಯ ಅಗಲವನ್ನು ಫ್ರೀಕ್ವೆನ್ಸಿಗೆ ಎದುರಾಗಿ ಗ್ರಾಫ್ ಹಾಕಿ. ಇಳಿಜಾರು ಡ್ಯಾಂಪಿಂಗ್ (ಕಾಂತತ್ವದ ಓಲಾಟ ಎಷ್ಟು ಬೇಗ ನಿಲ್ಲುತ್ತದೆ ಅನ್ನುವುದು) ಕೊಡುತ್ತದೆ, ಸೊನ್ನೆ ಫ್ರೀಕ್ವೆನ್ಸಿಯಲ್ಲಿ ಉಳಿಯುವುದು ಫಿಲ್ಮಿನ ಅಸಮತೆ. ಒಂದೇ ಫ್ರೀಕ್ವೆನ್ಸಿಯಲ್ಲಿ ಅಳೆದರೆ ಎರಡೂ ಕಲಸಿಹೋಗುತ್ತವೆ. ಫಿಲ್ಮನ್ನು ಮಗುಚಿ ವೇವ್‌ಗೈಡ್ ಮೇಲೆ ಇಡುವಾಗ ನಡುವೆ ತೆಳು ಟೇಪ್ ಬೇಕು, ಇಲ್ಲದಿದ್ದರೆ ಶಾರ್ಟ್.

ಸ್ಪಿನ್ ಪಂಪಿಂಗ್ (ಪರ್ಮಲಾಯ್‌ನಿಂದ ಪ್ಲಾಟಿನಮ್‌ಗೆ ಸ್ಪಿನ್ ಹರಿಯುವುದು) ವೋಲ್ಟೇಜ್ ಸಿಕ್ಕಿತು ಅಂತ ಹಿಗ್ಗಬೇಡಿ. ಪರ್ಮಲಾಯ್‌ನ ಅನೈಸೊಟ್ರೊಪಿಕ್ ಮ್ಯಾಗ್ನೆಟೊರೆಸಿಸ್ಟೆನ್ಸ್ (ಕಾಂತತ್ವದ ದಿಕ್ಕಿನಂತೆ ರೆಸಿಸ್ಟೆನ್ಸ್ ಬದಲಾಗುವುದು) ಕೂಡ ಮೈಕ್ರೋವೇವನ್ನು ರೆಕ್ಟಿಫೈ ಮಾಡಿ ಅಂಥದ್ದೇ ವೋಲ್ಟೇಜ್ ಕೊಡುತ್ತದೆ. ಕಾಂತಕ್ಷೇತ್ರ ತಿರುಗಿಸಿದರೆ ಚಿಹ್ನೆ ಬದಲಾಯಿತು ಅನ್ನುವುದೊಂದೇ ಸಾಕ್ಷಿ ಅಲ್ಲ, ಕೋನ ಬದಲಿಸುತ್ತಾ ಅಳೆದು ಬೇರ್ಪಡಿಸಲೇಬೇಕು. ಪೇಪರ್ ಪರಿಶೀಲಿಸುವ ರೆಫರಿ ಮೊದಲು ಹಿಡಿಯುವುದು ಅದನ್ನೇ.

ಗ್ರಿಡ್ ಭಟ್ಟ
ಸೀಟು ಸಿಗುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಕಾಂತತ್ವವನ್ನು ಸಿಮ್ಯುಲೇಟ್ ಮಾಡುವ ತಂತ್ರಾಂಶ ಊಮ್‌ಫ್ (OOMMF) ಪುಕ್ಕಟೆ, ಮಾಮೂಲಿ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ. ಮುಮ್ಯಾಕ್ಸ್3 ವೇಗ ಜಾಸ್ತಿ, ಆದರೆ ಎನ್ವಿಡಿಯಾ ಕಾರ್ಡ್ ಬೇಕು. ಇಂಥ ತಂತ್ರಾಂಶದ ಲೆಕ್ಕ ಸರಿಯೋ ಅಂತ ನೋಡಲಿಕ್ಕೆ ಇರುವ ಸ್ಟ್ಯಾಂಡರ್ಡ್ ಪ್ರಾಬ್ಲಮ್ 4ರಿಂದ ಶುರು ಮಾಡಿ: 500×125×3 ನ್ಯಾನೋಮೀಟರ್ ಪರ್ಮಲಾಯ್, ಮೀಟರಿಗೆ 8 ಲಕ್ಷ ಆಂಪಿಯರ್ ಸ್ಯಾಚುರೇಶನ್ (ಗರಿಷ್ಠ ಕಾಂತತ್ವ), ಡ್ಯಾಂಪಿಂಗ್ 0.02. ಲೆಕ್ಕಕ್ಕೆ ತುಂಡರಿಸುವ ಸೆಲ್ 5 ನ್ಯಾನೋಮೀಟರಿಗಿಂತ ದೊಡ್ಡದಿಟ್ಟರೆ ಎಕ್ಸ್‌ಚೇಂಜ್ ಉದ್ದ (ಪಕ್ಕಪಕ್ಕದ ಸ್ಪಿನ್ ಒಂದೇ ದಿಕ್ಕಿಗೆ ನಿಲ್ಲುವ ದೂರ) ದಾಟಿ ಉತ್ತರ ಸುಳ್ಳಾಗುತ್ತದೆ. ಶುರುವಿನ ಎಸ್ ಸ್ಥಿತಿ (ಕಾಂತತ್ವ ಎಸ್ ಆಕಾರದಲ್ಲಿ ಬಾಗಿರುವುದು) ಪೂರ್ತಿ ರಿಲ್ಯಾಕ್ಸ್ ಆಗದೆ ಕ್ಷೇತ್ರ ಹಾಕುವುದು ಹೊಸಬರ ಮಾಮೂಲಿ ತಪ್ಪು. ಪ್ರಕಟವಾದ ಕರ್ವ್ ಜತೆ ನಿಮ್ಮದು ಕೂಡಿ ಬಂದರೆ ಸಂದರ್ಶನದಲ್ಲಿ ಅದನ್ನೇ ತೋರಿಸಬಹುದು.

ಬೆಂಗಳೂರಿನ ಐಐಎಸ್‌ಸಿಯ ನ್ಯಾನೋ ಕೇಂದ್ರದಲ್ಲಿ ಹೊರಗಿನವರಿಗೂ ತರಬೇತಿ ಕೊಡುವ ಐನಪ್ ಯೋಜನೆ ಉಂಟು, ಮರೆಯಬೇಡಿ. ಓದಲಿಕ್ಕೆ ಬೇಕಿದ್ದರೆ ಎಂಐಟಿಯ ಭೌತವಿಜ್ಞಾನಿ ಜಗದೀಶ್ ಮೂಡೇರ ಅವರ 1995ರ ಪೇಪರಿನಿಂದ ಹಿಡಿಯಿರಿ: ಕೋಣೆಯ ಉಷ್ಣತೆಯಲ್ಲಿ 11.8 ಶೇಕಡಾ ಟನೆಲ್ ಮ್ಯಾಗ್ನೆಟೊರೆಸಿಸ್ಟೆನ್ಸ್ (ತಡೆಪದರದ ಆಚೀಚೆಯ ಕಾಂತಪದರಗಳ ದಿಕ್ಕು ಬದಲಾದಾಗ ಆಗುವ ರೆಸಿಸ್ಟೆನ್ಸ್ ವ್ಯತ್ಯಾಸ) ತೋರಿಸಿದ್ದು ಅದು. ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿದವರು.

ಬದಿಯಡ್ಕದವ
ಎಲ್ಲರಿಗೂ ಉಪಕಾರ. ತೆಳುಪದರ ಅಣ್ಣ, ಟನೆಲ್ ಜಂಕ್ಷನ್ ಲ್ಯಾಬಿಗೆ ಹೋದರೆ ಕಷ್ಟ ಎಲ್ಲಿ?

ತೆಳುಪದರ
ಎರಡು ಕಾಂತಪದರಗಳ ನಡುವಿನ ತಡೆಪದರದಲ್ಲಿ. ಮೆಗ್ನೀಸಿಯಮ್ ಆಕ್ಸೈಡ್ ಬರೇ 1 ನ್ಯಾನೋಮೀಟರ್ ಆಸುಪಾಸು. ಐಯಾನ್ ಮಿಲ್ಲಿಂಗ್ (ಐಯಾನ್ ಹೊಡೆದು ಕೆತ್ತುವುದು) ಮಾಡುವಾಗ ಕೆತ್ತಿದ ಲೋಹ ಜಂಕ್ಷನ್ನಿನ ಗೋಡೆಗೆ ಹತ್ತಿಕೊಂಡು ಎರಡೂ ಬದಿ ಕೂಡಿಸಿಬಿಡುತ್ತದೆ. ಪದರದಲ್ಲಿ ಸಣ್ಣ ತೂತು ಉಂಟೋ ಅಂತ ಗೊತ್ತಾಗಬೇಕಾದರೆ ತಣ್ಣಗೆ ಮಾಡುತ್ತಾ ರೆಸಿಸ್ಟೆನ್ಸ್ ಅಳೆಯಿರಿ: ಸರಿಯಾದ ಟನೆಲಿಂಗ್ ಇದ್ದರೆ ಸ್ವಲ್ಪ ಏರುತ್ತದೆ, ಇಳಿದರೆ ಲೋಹದ ದಾರಿ ಸೇರಿದೆ. ಪ್ರೋಬ್ ಇಡುವ ಮೊದಲು ಮಣಿಕಟ್ಟಿನ ಅರ್ಥ್ ಪಟ್ಟಿ ಕಟ್ಟಿಕೊಳ್ಳಿ. ಒಂದೆರಡು ವೋಲ್ಟಿಗೇ ಪದರ ಸುಟ್ಟುಹೋಗುತ್ತದೆ, ಕೈಯ ಸ್ಟ್ಯಾಟಿಕ್ ಅದಕ್ಕಿಂತ ಎಷ್ಟೋ ಜಾಸ್ತಿ.