2³² + 1 ಅವಿಭಾಜ್ಯವಲ್ಲ, ಸರಿ. ಆದರೆ 641 ಕೈಗೆ ಸಿಗುವುದು ಹೇಗೆ?

ಪ್ರಶ್ನೆ:
ನಮಸ್ಕಾರ. 4294967297, ಅಂದರೆ 2³² + 1, ಅವಿಭಾಜ್ಯ ಸಂಖ್ಯೆಯೆಂದು ಗಣಿತಜ್ಞ ಫರ್ಮಾ ನಂಬಿದ್ದರೆಂದೂ, 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಅದನ್ನು 641 × 6700417 ಎಂದು ಒಡೆದು ತೋರಿಸಿದರೆಂದೂ ಓದಿದ್ದೇನೆ. ಗುಣಿಸಿ ನೋಡಿದೆ, ಸರಿಯಾಗಿಯೇ ಇದೆ. ಆದರೆ ಇದರ ವರ್ಗಮೂಲ 65536ಕ್ಕಿಂತ ಕೂದಲೆಳೆಯಷ್ಟು ಹೆಚ್ಚು, ಮತ್ತು ಅಲ್ಲಿಯವರೆಗೆ 6542 ಅವಿಭಾಜ್ಯಗಳಿವೆ. 3, 5, 7, 11 ಎಂದು ಒಂದೊಂದರಿಂದಲೇ ಭಾಗಿಸುತ್ತಾ 53ಕ್ಕೆ ಬರುವಷ್ಟರಲ್ಲಿ ನನಗೆ ಸಾಕಾಯಿತು. 641 ಇರುವುದು ಆ ಸಾಲಿನ 116ನೆಯ ಸ್ಥಾನದಲ್ಲಿ. ನೇರವಾಗಿ ಅಲ್ಲಿಗೆ ಹೋಗುವ ದಾರಿ ಇದೆಯೇ? 6700417 ಮತ್ತೆ ಒಡೆಯುವುದಿಲ್ಲವೆಂದು ತಿಳಿಯುವುದು ಹೇಗೆ?

ಉತ್ತರ 1:
ದಾರಿ ಇದೆ. ಒಂದು ಅವಿಭಾಜ್ಯವು ಈ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುವುದಾದರೆ, ಅದರಿಂದ 2³²ನ್ನು ಭಾಗಿಸಿದಾಗ ಉಳಿಯುವ ಶೇಷವನ್ನು −1 ಎಂದು ಬರೆಯಬಹುದು. ವರ್ಗ ಮಾಡಿದರೆ 2⁶⁴ರ ಶೇಷ 1. 64ಕ್ಕಿಂತ ಚಿಕ್ಕ ಯಾವ ಘಾತದಲ್ಲೂ ಶೇಷ 1 ಬರುವುದಿಲ್ಲವಾದ್ದರಿಂದ, ಫರ್ಮಾ ಅವರದೇ ಕಿರು ಪ್ರಮೇಯದ ಪ್ರಕಾರ (2ರ ಘಾತ ಆ ಅವಿಭಾಜ್ಯಕ್ಕಿಂತ 1 ಕಡಿಮೆ ಇದ್ದಾಗ ಶೇಷ 1 ಬರುತ್ತದೆ), ಆ ಅವಿಭಾಜ್ಯದಿಂದ 1 ಕಳೆದರೆ 64ರ ಅಪವರ್ತ್ಯ ಸಿಗಲೇಬೇಕು. 65, 129, 193 ಎಂದು 64ರ ಹೆಜ್ಜೆಯಲ್ಲಿ ನಡೆದು ಭಾಜ್ಯ ಸಂಖ್ಯೆಗಳನ್ನು ಬಿಟ್ಟರೆ 193, 257, 449, 577, 641 ಉಳಿಯುತ್ತವೆ. ಐದನೆಯ ಪ್ರಯತ್ನಕ್ಕೇ ಬೀಗ ತೆರೆಯುತ್ತದೆ. ತನ್ನ ಪ್ರಮೇಯವನ್ನೇ ಹೀಗೆ ಹಚ್ಚಿ ನೋಡಿದ್ದರೆ ಫರ್ಮಾ ಅವರಿಗೂ ತಪ್ಪು ಗೊತ್ತಾಗುತ್ತಿತ್ತು ಎಂಬುದು ನನಗೆ ಇಂದಿಗೂ ಸೋಜಿಗ.

ಉತ್ತರ 2:
641 ಎಂದು ತಿಳಿದ ಮೇಲೆ ಭಾಗಾಕಾರವೂ ಬೇಕಿಲ್ಲ. 641 = 5 × 2⁷ + 1 ಆದ್ದರಿಂದ 641ರಿಂದ ಭಾಗಿಸಿದಾಗ ಉಳಿಯುವ ಶೇಷದ ಲೆಕ್ಕದಲ್ಲಿ 5 × 2⁷ ಎಂದರೆ −1; ಅದರ ನಾಲ್ಕನೆಯ ಘಾತ 5⁴ × 2²⁸ ಎಂದರೆ 1. ಇನ್ನೊಂದೆಡೆ 641 = 625 + 16, ಅಂದರೆ 5⁴ + 2⁴; ಹಾಗಾಗಿ 5⁴ರ ಜಾಗದಲ್ಲಿ −2⁴ ಇಡಬಹುದು. ಆಗ −2³² ಎಂಬುದು 1ಕ್ಕೆ ಸಮನಾಗುತ್ತದೆ, ಅಂದರೆ 2³² + 1ನ್ನು 641 ನಿಶ್ಶೇಷವಾಗಿ ಭಾಗಿಸುತ್ತದೆ.

ಉತ್ತರ 3:
ಎರಡನೆಯ ಪ್ರಶ್ನೆ ಹಾಗೆಯೇ ಉಳಿದಿದೆ. 6700417ರ ಅವಿಭಾಜ್ಯ ಅಪವರ್ತನಗಳು 2³² + 1ರ ಅಪವರ್ತನಗಳೂ ಆಗಿರುವುದರಿಂದ ಮೇಲಿನ ನಿಯಮ ಅವುಗಳಿಗೂ ಅನ್ವಯಿಸುತ್ತದೆ. 1878ರಲ್ಲಿ ಗಣಿತಜ್ಞ ಲೂಕಾ ಈ ನಿಯಮವನ್ನು ಇನ್ನಷ್ಟು ಬಿಗಿಗೊಳಿಸಿ, 64ರ ಬದಲು 128ರ ಅಪವರ್ತ್ಯವೇ ಆಗಬೇಕೆಂದು ತೋರಿಸಿದರು. ಆಯ್ಲರ್ ಅವರ ಬಳಿ ಇದ್ದದ್ದು 64ರ ನಿಯಮ ಮಾತ್ರ. 6700417ರ ವರ್ಗಮೂಲ ಸುಮಾರು 2588. ಅಲ್ಲಿಯವರೆಗೆ 128ರ ಅಪವರ್ತ್ಯಕ್ಕೆ 1 ಕೂಡಿಸಿದಾಗ ಸಿಗುವ ಅವಿಭಾಜ್ಯಗಳು ಐದೇ: 257, 641, 769, 1153, 1409. ಇವುಗಳಿಂದ ಭಾಗಿಸಿ ನೋಡಿ.

ಪ್ರಶ್ನೆ ಕೇಳಿದವರು:
ಮೂವರಿಗೂ ಧನ್ಯವಾದಗಳು. ಕಾಗದದ ಮೇಲೆಯೇ ಭಾಗಿಸಿದೆ. ಶೇಷಗಳು ಕ್ರಮವಾಗಿ 170, 44, 120, 334, 622. 1153ರಲ್ಲಿ ದಶಕ ತಪ್ಪಿ ಎರಡು ಸಲ ಮಾಡಬೇಕಾಯಿತು. ಯಾವುದೂ ಸೊನ್ನೆಯಲ್ಲ, ಆದ್ದರಿಂದ 6700417 ಅವಿಭಾಜ್ಯವೇ.